ಇಪ್ಪತ್ತೇಳು ಲಕ್ಷದ ಹಾವಸೆ

"ಇದನ್ನ ಚೆಲ್ಲಿಬಿಡಿ ಸರ್" ಎಂದರು ಆಕೆ.

ಸೊಳ್ಳೆ ಮರಿ ಹುಡುಕಿಕೊಂಡು ಮನೆಮನೆಗೆ ಬರುವವರು. ಕೈಯಲ್ಲಿ ಟಾರ್ಚು, ಕಂಕುಳಲ್ಲಿ ರಿಜಿಸ್ಟರು. ಬಾಲ್ಕನಿಯ ಕುಂಡಗಳನ್ನು ನೋಡಿದರು, ಫ್ರಿಜ್ಜಿನ ಹಿಂದೆ ಬಗ್ಗಿ ಏನೋ ಬರೆದುಕೊಂಡರು. ಆಮೇಲೆ ಹಾಲಿನ ಮೂಲೆಯಲ್ಲಿರುವ ನನ್ನ ಪಲುಡೇರಿಯಂ, ಅಂದರೆ ಅರ್ಧ ನೀರು ಅರ್ಧ ನೆಲದ ಗಾಜಿನ ತೊಟ್ಟಿ, ಅದರ ಮುಂದೆ ನಿಂತುಬಿಟ್ಟರು. 2024ರಿಂದ ಡೆಂಗಿ ಸಾಂಕ್ರಾಮಿಕ ರೋಗದ ಪಟ್ಟಿಯಲ್ಲಿದೆ, ಸೊಳ್ಳೆ ಬೆಳೆಸಿದರೆ ಪೇಟೆಯ ಮನೆಗೆ 400 ರೂಪಾಯಿ ದಂಡ ಎಂದು ನೆನಪಿಸಿದರು.

"ನಿಂತ ನೀರಲ್ಲಮ್ಮ, ಹರೀತಾ ಇದೆ" ಎಂದೆ. ಪುಟ್ಟ ಪಂಪು ನೀರೆತ್ತಿ ಕಲ್ಲಿನ ಮೇಲೆ ಬಿಡುವುದನ್ನು ತೋರಿಸಿದೆ.

"ಹಾಗಾದ್ರೆ ಗಪ್ಪಿ ಮೀನು ಬಿಡಿ."

"ಗಪ್ಪಿ ನನ್ನ ಸಿಗಡಿ ಮರಿಗಳನ್ನೂ ತಿಂದುಬಿಡುತ್ತೆ."

"ಸಿಗಡಿ? ಎಲ್ಲಿ ಸರ್?"

ಇದೊಂದು ಪ್ರಶ್ನೆ ಕೇಳಿ ಕೇಳಿ ಸಾಕಾಗಿದೆ. ಅದರೊಳಗೆ ಹನ್ನೆರಡು ಚೆರ್ರಿ ಸಿಗಡಿ ಇವೆ. ಹಾವಸೆಯ ಸಂದಿಯಲ್ಲಿ ರವೆ ಕಾಳಿಗಿಂತ ಸಣ್ಣ ಸ್ಪ್ರಿಂಗ್‌ಟೇಲ್ ಹುಳುಗಳು ಲೆಕ್ಕವಿಲ್ಲದಷ್ಟು ಇವೆ. ಬಂದವರು ಅರ್ಧ ನಿಮಿಷ ನೋಡಿ, "ಖಾಲಿ ಇದೆಯಲ್ಲ?" ಎಂದು ಗಾಜಿಗೆ ಟಕಟಕ ಬಡಿಯುತ್ತಾರೆ. ನಾನು ನಿಮ್ಮ ಮನೆಗೆ ಬಂದು ಟಿವಿ ಬಡಿಯುತ್ತೇನಾ ಸ್ವಾಮಿ?

ಅಮ್ಮ ಊರಿಂದ ಬಂದಾಗ ಹೆಸರು ಕೇಳಿದಳು. ಲ್ಯಾಟಿನ್ನಿನಲ್ಲಿ 'ಪಾಲುಸ್' ಅಂದರೆ ಜೌಗು ಎಂದು ವಿವರಿಸಿದೆ. "ಬಚ್ಚಲ ಗುಂಡಿ ಅನ್ನು, ತಿಳೀತದೆ" ಎಂದಳು. ಕಲ್ಲಿನ ಮೇಲಿನ ಹಸಿರಿಗೆ ಅಂಗೈ ಅಗಲಕ್ಕೆ 250 ರೂಪಾಯಿ ಎಂದಾಗ ಮಾತ್ರ ಸುಮ್ಮನಾದಳು. ಅಜ್ಜಿ ನೆನಪಾಗಿರಬೇಕು.

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಅಜ್ಜಿಗೆ ಇದ್ದದ್ದು ಒಂದೇ ಶತ್ರು, ಹಾವಸೆ. ಹಾರೆಯಲ್ಲಿ ಕೆರೆಯುತ್ತಿದ್ದಳು, ಸುಣ್ಣ ಎರಚುತ್ತಿದ್ದಳು, ಬೈಯುತ್ತಿದ್ದಳು. ನಾಲ್ಕು ದಿನಕ್ಕೆ ಅದು ಮತ್ತೆ ಹಾಜರು. ಬೇಲಿಯ ದಣಪೆಯಿಂದ ಜಗಲಿಯವರೆಗೆ ಅಡಿಕೆ ಮರ ಸೀಳಿದ ದಬ್ಬೆ ಹಾಸಿರುತ್ತಿತ್ತು. ಅದರ ಮೇಲೇ ನಡೆಯಬೇಕು. ಇದು ನಮಗೆಲ್ಲ ಗೊತ್ತು, ನಾಯಿಗೂ ಗೊತ್ತು. ಗೊತ್ತಿಲ್ಲದ್ದು ಚೌತಿಗೆ ಬಂದ ಹೊಸ ಅಳಿಯನಿಗೆ.

ಆತ ಬಯಲುಸೀಮೆಯವರು. ಬಿಳಿ ರೇಷ್ಮೆ ಪಂಚೆ, ಹೊಸ ಚಪ್ಪಲಿ, ಕೈಯಲ್ಲಿ ಬೇಕರಿ ಡಬ್ಬಿ. ದಬ್ಬೆ ಕೊಳಕಾಗಿ ಕಂಡಿತೋ ಏನೋ, ಪಕ್ಕದ ನುಣುಪಾದ ಹಸಿರಿನ ಮೇಲೆ ಕಾಲಿಟ್ಟರು. ಬಿದ್ದರು ಎನ್ನುವುದು ಸರಿಯಲ್ಲ. ಕೂತರು. ಕೂತಲ್ಲಿಂದಲೇ, ಡಬ್ಬಿಯನ್ನು ತಲೆಯ ಮೇಲೆತ್ತಿ ಹಿಡಿದುಕೊಂಡು, ಇಳಿಜಾರಿನಲ್ಲಿ ಸೀದಾ ತುಳಸಿಕಟ್ಟೆಯವರೆಗೆ ಬಂದರು. ಅಜ್ಜಿ ಜಗಲಿಯಿಂದ ಇಳಿಯಲೂ ಇಲ್ಲ. "ದಬ್ಬೆ ಮೇಲೆ ಬರಬೇಕಿತ್ತು ಮಾರಾಯ್ರೆ" ಎಂದಳು ಅಷ್ಟೆ. ಪಂಚೆಯ ಹಸಿರು ಕಲೆಗೆ ನಿಂಬೆಹಣ್ಣು ತಿಕ್ಕಿದರು, ಸೀಗೆಪುಡಿ ಹಾಕಿದರು, ಹೋಗಲಿಲ್ಲ. ಡಬ್ಬಿಯೊಳಗಿನ ಒಂದು ಬಿಸ್ಕತ್ತೂ ಮುರಿದಿರಲಿಲ್ಲ. ಆತನಿಗೀಗ ಮೊಮ್ಮಕ್ಕಳಾಗಿದ್ದಾರೆ. ಮದುವೆಮನೆಗಳಲ್ಲಿ ಇವತ್ತಿಗೂ "ಯಾರು, ಜಾರಿದ ಅಳಿಯನಾ?" ಎಂದೇ ಗುರುತು.

ಮೊನ್ನೆ ಸುಮ್ನೆ ಲೆಕ್ಕ ಹಾಕಿದೆ. ಅಂಗೈ ಅಗಲ ಅಂದರೆ ನಾಲ್ಕು ಇಂಚು. ಅಂಗಳ 40 ಅಡಿಗೆ 30 ಅಡಿ. ಒಟ್ಟು 10,800 ಅಂಗೈ. ಅಂದರೆ ಪ್ರತಿ ಮಳೆಗಾಲ 27 ಲಕ್ಷದ ಮಾಲನ್ನು ಅಜ್ಜಿ ಕೆರೆದು ತೆಂಗಿನ ಬುಡಕ್ಕೆ ಸುರಿದಿದ್ದಾಳೆ.

ಅದೇ ಹಾವಸೆ ನನ್ನ ಗಾಜಿನ ಮನೆಯಲ್ಲಿ ತಿಂಗಳಿಗೇ ಕಂದು ತಿರುಗಿತು. ಇದಕ್ಕೆ ಬೇರಿಲ್ಲ, ನೀರನ್ನು ಎಲೆಯಿಂದಲೇ ಕುಡಿಯುತ್ತದೆ. ನಮ್ಮ ಬೋರ್‌ವೆಲ್ ನೀರೋ ಗೀಸರಿನ ಕಾಯಿಲ್‌ಗೇ ಸುಣ್ಣ ಬಳಿಯುವಂಥದ್ದು. ಕ್ಯಾನ್ ನೀರು ತರಿಸಿದೆ. ಹಾವಸೆ ಚಿಗುರಿತು, ಸಿಗಡಿ ಮಂಕಾದವು. ಚಿಪ್ಪು ಕಟ್ಟಲು ಅವಕ್ಕೆ ಕ್ಯಾಲ್ಸಿಯಂ ಬೇಕು, ಅಂದರೆ ಗಡಸು ನೀರೇ ಬೇಕು. ಒಂದೂವರೆ ಅಡಿ ತೊಟ್ಟಿಯಲ್ಲಿ ಎರಡು ಒಲೆ. 1829ರ ಸುಮಾರಿಗೆ ಲಂಡನ್ನಿನಲ್ಲಿ ವಾರ್ಡ್ ಎಂಬ ಡಾಕ್ಟರು ಪತಂಗ ಹೊರಬರುವುದನ್ನು ನೋಡಲೆಂದು ಒಂದು ಗೂಡನ್ನು ಒದ್ದೆ ಮಣ್ಣಿನ ಜೊತೆ ಸೀಸೆಯಲ್ಲಿ ಮುಚ್ಚಿಟ್ಟರು. ಒಳಗೆ ಜರಿಗಿಡ ತಾನಾಗಿ ಹುಟ್ಟಿತು. ತಾನಾಗಿ! ನಾನಿಲ್ಲಿ ದಿನಕ್ಕೆ ಮೂರು ಸಲ ಸ್ಪ್ರೇ ಹೊಡೆಯುತ್ತಿದ್ದೇನೆ. ಬಾಲ್ಕನಿಯ ಪೈಪಿನ ಬಾಯಲ್ಲಿ ಮಾತ್ರ ಯಾರೂ ಕರೆಯದ ಹಾವಸೆ ಮಖಮಲ್ಲಿನ ಹಾಗೆ ಬೆಳೆದು ಕೂತಿದೆ.

"ಸರ್, ಇಲ್ಲೊಂದು ಸತ್ತಿದೆ." ಆಕೆ ಗಾಜಿಗೆ ಮೂಗು ತಾಗಿಸಿ ಟಾರ್ಚು ಬಿಟ್ಟಿದ್ದರು.

ಸತ್ತದ್ದಲ್ಲ, ಕಳಚಿದ ಚಿಪ್ಪು. ಮೀಸೆ, ಕಾಲು, ಬಾಲದ ಬೀಸಣಿಗೆ ಎಲ್ಲಾ ಇದೆ, ಒಳಗೆ ಸಿಗಡಿ ಮಾತ್ರ ಇಲ್ಲ. ನೋಡುತ್ತಿದ್ದಂತೆ ಕಲ್ಲಿನಡಿಯಿಂದ ಕೆಂಪು ಸಿಗಡಿಯೊಂದು ಬಂದು, ಎರಡೂ ಪುಟ್ಟ ಕೈಗಳಿಂದ ಆ ಚಿಪ್ಪನ್ನು ಚಿವುಟಿ ಚಿವುಟಿ ಬಾಯಿಗಿಡತೊಡಗಿತು. ಆಕೆ ಮೂರು ನಿಮಿಷ ಅಲ್ಲಾಡಲಿಲ್ಲ. ಗಾಜು ಬಡಿಯಲೂ ಇಲ್ಲ. ಮನಸ್ಸಿನಲ್ಲೇ ಕೈಮುಗಿದೆ.

ಬಾಗಿಲ ಪಕ್ಕ ಸೀಮೆಸುಣ್ಣದಲ್ಲಿ ತಾರೀಕು ಬರೆದು ಹೊರಟರು. "ಇದು ಇರ್ಲಿ ಸರ್. ಫ್ರಿಜ್ಜಿನ ಹಿಂದಿನ ಟ್ರೇ ಚೆಲ್ಲಿ. ಸೊಳ್ಳೆ ಮರಿ ಇರೋದು ಅದರಲ್ಲಿ."