ಮೊದಲು ಆ ಟ್ಯೂಬ್ ಕೆಳಗಿಡು ತಾಯಿ

ಈಗಷ್ಟೇ ಫೋನ್ ಇಟ್ಟೆ. ತಲೆ ಇನ್ನೂ ಬಿಸಿಯಾಗಿದೆ. ಚಿಕ್ಕಮ್ಮನ ಮಗಳು. ಒಂದು ಮೊಬೈಲ್ ಕೊಳ್ಳಲು ಎರಡು ತಿಂಗಳು ರಿವ್ಯೂ ಓದುವವಳು. "ಅಕ್ಕಾ, ಅಲ್ಲಿ ತುಂಬಾ ತುರಿಕೆ. ಮೂರು ವಾರದಿಂದ ಆಂಟಿಬಯೋಟಿಕ್ ಆಯಿಂಟ್‌ಮೆಂಟ್ ಹಚ್ಚುತ್ತಿದ್ದೇನೆ, ಜಾಸ್ತಿನೇ ಆಗ್ತಿದೆ" ಅಂದಳು.

ಅಲ್ಲಿ ಅಂದ್ರೆ ಎಲ್ಲಿ? ಯೋನಿ ಅನ್ನಲು ನಾಲಿಗೆ ಹೊರಳುವುದಿಲ್ಲ. ಮಂಡಿ ತರಚಿದಾಗ ತಂದಿಟ್ಟ ಟ್ಯೂಬನ್ನು ಅಲ್ಲಿಗೆ ಬಳಿಯಲು ಮಾತ್ರ ಯಾವ ಸಂಕೋಚವೂ ಇಲ್ಲ!

ಆಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಅಲ್ಲಿನ ತುರಿಕೆಗೆ ಎಷ್ಟೋ ಸಲ ಕಾರಣ ಕ್ಯಾಂಡಿಡಾ ಅನ್ನುವ ಫಂಗಸ್. ಅದು ಈ ಮುಲಾಮನ್ನು ಲೆಕ್ಕಕ್ಕೇ ಇಡುವುದಿಲ್ಲ. ಸೋಪು, ಪ್ಯಾಡು, ಸೆಂಟು ಹಾಕಿದ ವೈಪ್ಸ್‌ನಿಂದ ಚರ್ಮ ಕೆರಳಿದ್ದರೆ ಕೊಲ್ಲಲು ಅಲ್ಲಿ ಕ್ರಿಮಿಯೇ ಇಲ್ಲ. ಮುಟ್ಟು ನಿಂತ ಮೇಲಿನ ಒಣಗುವಿಕೆಗೂ ಅಷ್ಟೇ. ಸಾಲದ್ದಕ್ಕೆ, ಇಂಥ ಎಷ್ಟೋ ಟ್ಯೂಬುಗಳಲ್ಲಿರುವ ನಿಯೋಮೈಸಿನ್ ಅನ್ನುವ ಆಂಟಿಬಯೋಟಿಕ್ ತಾನೇ ಅಲರ್ಜಿ ತರಿಸಬಲ್ಲದು. ಅಮೆರಿಕದ ಚರ್ಮ ಅಲರ್ಜಿ ತಜ್ಞರ ಸಂಘ 2010ರಲ್ಲಿ ಅದಕ್ಕೆ 'ವರ್ಷದ ಅಲರ್ಜಿಕಾರಕ' ಅನ್ನುವ ಬಿರುದನ್ನೇ ಕೊಟ್ಟಿತ್ತು. ತುರಿಕೆಗೆ ಹಚ್ಚಿ, ಹಚ್ಚಿದ್ದಕ್ಕೆ ತುರಿಕೆ, ಮತ್ತೆ ಹಚ್ಚು.

"ಮೊದಲೆರಡು ದಿನ ಹಾಯಾಗಿತ್ತು" ಅಂತ ವಾದ ಬೇರೆ. ಇರುತ್ತೆ ಕಣೇ. ಜಿಡ್ಡು ಹಚ್ಚಿದರೆ ಒಣಗಿದ ಚರ್ಮಕ್ಕೆ ಹಾಯಾಗದೆ ಇನ್ನೇನು? ಆ ಕೆಲಸ ಬರೀ ವ್ಯಾಸಲಿನ್ನೂ ಮಾಡುತ್ತೆ. ಸ್ಟೀರಾಯ್ಡ್ ಬೆರೆಸಿದ ಟ್ಯೂಬಾದರೆ ಇನ್ನೂ ಮೋಸ. ತುರಿಕೆ ಅಡಗುತ್ತೆ, ಫಂಗಸ್ ಒಳಗೊಳಗೇ ಹಬ್ಬುತ್ತೆ. ಬಿಳಿ ಕಲೆ ಬರುವ ಲೈಕನ್ ಸ್ಕ್ಲೆರೋಸಸ್ ಅನ್ನುವ ಚರ್ಮರೋಗಕ್ಕೆ ಅದೇ ಸ್ಟೀರಾಯ್ಡ್ ಮದ್ದು ನಿಜ. ಕೂದಲ ಬುಡದಲ್ಲಿ ಕೀವಾದರೆ ಆಂಟಿಬಯೋಟಿಕ್ಕೂ ಬೇಕಾಗಬಹುದು. ಆದರೆ ಯಾವುದಕ್ಕೆ ಯಾವುದು ಅಂತ ನೋಡಿ ಹೇಳುವವರು ಡಾಕ್ಟರು, ನಮ್ಮ ಔಷಧಿ ಡಬ್ಬಿಯಲ್ಲ.

ಇಷ್ಟೆಲ್ಲಾ ಕೂಗಾಡುವ ನಾನೇನು ಕಮ್ಮಿ ಇಲ್ಲ. ಒಮ್ಮೆ ಗಂಟಲು ನೋವಿಗೆ ಆಂಟಿಬಯೋಟಿಕ್ ಮಾತ್ರೆ ನುಂಗಿದ್ದೆ. ಯೋನಿಯಲ್ಲಿ ಫಂಗಸ್ಸನ್ನು ಹದ್ದುಬಸ್ತಿನಲ್ಲಿಡುವ ಒಳ್ಳೆಯ ಬ್ಯಾಕ್ಟೀರಿಯಾಗಳೂ ಆ ಮಾತ್ರೆಗೆ ಸತ್ತವು, ತುರಿಕೆ ಶುರುವಾಯಿತು. ನಾನು ಮಾಡಿದ್ದೇನು? ಅದರ ಮೇಲೆ ಆಂಟಿಬಯೋಟಿಕ್ ಮುಲಾಮು ಬಳಿದೆ. ಕೂರಲೂ ಆಗದಷ್ಟು ಉರಿ. "ಇದನ್ನು ಹಚ್ಚಲು ಯಾರು ಹೇಳಿದ್ದು?" ಅಂತ ಡಾಕ್ಟರಮ್ಮ ಕೇಳಿದಾಗ "ಯಾರೋ ಪರಿಚಯದವರು" ಅಂತ ಸುಳ್ಳು ಹೇಳಿದೆ.

ನಾಳೆ ಹೋಗ್ತಾಳಂತೆ. "ಡಾಕ್ಟರ ಹತ್ರ ಏನಂತ ಹೇಳಲಿ ಅಕ್ಕಾ?" ಅಂದಳು. "ಯೋನಿಯಲ್ಲಿ ತುರಿಕೆ" ಅಂತ ಫೋನಿನಲ್ಲೇ ಮೂರು ಸಲ ಗಟ್ಟಿಯಾಗಿ ಹೇಳಿಸಿದೆ. ಮೂರನೇ ಸಲಕ್ಕೆ ಅವಳ ಗಂಡ ಒಳಗೆ ಬಂದನಂತೆ, ಫೋನ್ ಕಟ್.