ಸ್ಪಷ್ಟನೆ: ಟಿ.ಸಿ. ಇಲ್ಲದಿದ್ದರೂ ಶಾಲೆಗೆ ಸೇರಿಸಬಹುದು

'ಬೈತಖೋಲ ಬಂದರಿಗೆ ದುಡಿಯಲು ಬಂದ ಒಡಿಶಾ, ಜಾರ್ಖಂಡ್ ಕುಟುಂಬಗಳ ಮಕ್ಕಳಿಗೆ ಊರಿನ ಟಿ.ಸಿ. ಇಲ್ಲದೆ ಶಾಲಾ ಪ್ರವೇಶವಿಲ್ಲ' ಎಂಬ ಮೆಸೇಜು ಕಾರವಾರದ ಗುಂಪುಗಳಲ್ಲಿ ಓಡಾಡುತ್ತಿದೆ. ಮೊದಲು ಹಾಕಿದವನು ನಾನೇ. ಅದು ತಪ್ಪು.

2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಂ ಪ್ರಕಾರ, ಟಿ.ಸಿ. ತಡವಾಯಿತೆಂದು ಸರಕಾರಿ ಅಥವಾ ಅನುದಾನಿತ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲವೆಂದೂ ವಾಪಸು ಕಳಿಸುವಂತಿಲ್ಲ. ಅದು 14ನೇ ಕಲಂ. 6ರಿಂದ 14 ವರ್ಷದೊಳಗಿನ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ಕನ್ನಡ ಬರಲೇಬೇಕೆಂಬ ಷರತ್ತೂ ಕಾಯ್ದೆಯಲ್ಲಿಲ್ಲ.

ನಮ್ಮ ಓಣಿಯ ಪುಟ್ಟ ಹುಡುಗಿಯೊಬ್ಬಳಿಗೆ ಸದ್ಯ ಬರುವ ಇಲ್ಲಿಯ ಮಾತು 'ಬಾಂಗಡೆ' ಒಂದೇ. ನನ್ನ ಮೆಸೇಜಿನ ಸುದ್ದಿ ಕೇಳಿ ಅವಳಪ್ಪ ಶಾಲೆಯ ಗೇಟಿನಿಂದಲೇ ಮರಳಿದರಂತೆ, ಪಾಟಿಚೀಲ ಅವಳ ಹೆಗಲಲ್ಲೇ ಇತ್ತು.

ದಯವಿಟ್ಟು ಹಳೆಯದನ್ನು ಅಳಿಸಿ, ಫಾರ್ವರ್ಡ್ ಮಾಡಬೇಡಿ.