ವಜೀರ ಅಂಟಿಕೊಂಡ

ನನ್ನ ತೋರುಬೆರಳು ಇವತ್ತೂ ಅಂಟಂಟು ಅನಿಸುತ್ತಿದೆ. ಎರಡು ಸಲ ಸೋಪು ಹಚ್ಚಿ ತೊಳೆದೆ. ತಲೆಗೂ ಒಂದಿಷ್ಟು ಹಚ್ಚಿಕೊಳ್ಳಿ ಅಂದಳು ಹೆಂಡತಿ.

ಮೊನ್ನೆ ಭಾನುವಾರ ಬಾಗಲಕೋಟೆಯ ನವನಗರದಲ್ಲಿ ಚೆಸ್ ಪಂದ್ಯಾವಳಿ ಇತ್ತು. 2024ರಲ್ಲಿ ಗುಕೇಶ್ 18ನೇ ವಯಸ್ಸಿಗೆ ವಿಶ್ವ ಚಾಂಪಿಯನ್ ಆದಮೇಲೆ ಇಂಥ ಕಡೆ ನನ್ನಂಥ ನಲವತ್ತೆಂಟರ ಗಂಡಸರಿಗೆ ಮರ್ಯಾದೆ ಉಳಿದಿಲ್ಲ. "ಮಗನ್ನ ಕರ್ಕೊಂಡ್ ಬಂದೀರೇನ್ರಿ?" ಅಂತಲೇ ಕೇಳಿದರು, ಹೆಸರು ಬರೆದುಕೊಳ್ಳುವವರು.

ಮೂರನೇ ಸುತ್ತಿಗೆ ಎದುರು ಕೂತವನು ಒಂಬತ್ತರ ಹುಡುಗ. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ. ಕೈಯಲ್ಲಿ ಅಮೀನಗಡದ ಕರದಂಟು. "ಕಾಕಾ, ನಾನ ಹಚ್ತೀನ್ರಿ" ಎಂದು 32 ಕಾಯಿಗಳನ್ನೂ ಅವನೇ ಜೋಡಿಸಿದ. ಎಷ್ಟು ಒಳ್ಳೆ ಹುಡುಗ ಅಂದುಕೊಂಡೆ. ಕರದಂಟು ಅಂದರೆ ಕರಿದ ಅಂಟು ಅಲ್ವಾ? ಮೇಲೆ ಬೆಲ್ಲದ ಪಾಕ ಬೇರೆ. ಅದು ಹೊಳೆಯಲೇ ಇಲ್ಲ.

ನಡೆಗೊಂದು ತುತ್ತು. ಆಮೇಲೆ ಬೆರಳು ನೆಕ್ಕುವುದು. ಆಮೇಲೆ ಕುದುರೆ. ಕಾಯಿ ನಡೆಸಿದ ಕೈಯಿಂದಲೇ ಗಡಿಯಾರ ಒತ್ತಬೇಕು ಎಂಬ ನಿಯಮ ಇದೆಯಲ್ಲ, ಅದನ್ನು ಮಾತ್ರ ಚಾಚೂ ತಪ್ಪದೆ ಪಾಲಿಸಿದ. ಹಾಗಾಗಿ ಗಡಿಯಾರಕ್ಕೂ ಬೆಲ್ಲ. ಎಲ್ಲಿಂದಲೋ ಒಂದು ಇರುವೆ ಬಂದು ನನ್ನ ಆನೆ ಹತ್ತಿತು. ಇದ್ದ ಹದಿನೈದು ನಿಮಿಷದಲ್ಲಿ ಎರಡು ನಿಮಿಷ ಸುಮ್ನೆ ಅದನ್ನೇ ನೋಡುತ್ತ ಕೂತೆ.

ಹದಿನಾಲ್ಕನೇ ನಡೆ. ನನ್ನ ವಜೀರ ಗೆರೆಯ ಮೇಲೆ ಸೊಟ್ಟಗೆ ನಿಂತಿದ್ದ. ಸರಿಪಡಿಸೋಣವೆಂದು ತಲೆಯ ಮೇಲೆ ಬೆರಳಿಟ್ಟೆ. ಬೆರಳು ತೆಗೆದೆ. ವಜೀರನೂ ಜೊತೆಗೇ ಎದ್ದು ಬಂದ. ಕೈ ಕೊಡವಿದೆ. ಜೋತಾಡಿದ, ಬಿಡಲಿಲ್ಲ.

"ಕಾಕಾ, ಮುಟ್ಟೀರಿ. ನಡಸ್ರಿ."

"ಮುಟ್ಟಿಲ್ಲಪಾ, ಅಂಟಿಕೊಂಡೈತಿ!"

ತೀರ್ಪುಗಾರರು ಬಂದರು. "ಮುಟ್ಟೂಕಿಂತ ಮೊದಲ ಅಡ್ಜಸ್ಟ್ ಅಂದಿದ್ರೇನ್ರಿ?"

ಅಂದಿರಲಿಲ್ಲ. ಹಾಗನ್ನದೆ ಮುಟ್ಟಿದರೆ ಆ ಕಾಯಿಯನ್ನೇ ನಡೆಸಬೇಕು. ದಿನಾ ಬಸ್ಸಿನಲ್ಲಿ "ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ರಿ" ಅನ್ನುವ ಬಾಯಿಗೆ ಬೇಕಾದ ಹೊತ್ತಲ್ಲಿ ಆ ಮಾತು ಬರಲಿಲ್ಲ. ವಜೀರನನ್ನು ಎಲ್ಲಿಟ್ಟರೂ ಹುಡುಗನ ಒಂಟೆಗೋ ಕುದುರೆಗೋ ಬಲಿ. ಕೊಟ್ಟೆ.

ಹಳೇ ಊರಿನ ಮನೆಯ ಕಟ್ಟೆ ಮೇಲೆ ಆಟ ಕಲಿಸುವಾಗ ಅಪ್ಪ, ನಾನು ಇಟ್ಟ ಕಾಯಿಯನ್ನು ಹಿಂದಕ್ಕೆ ತಗೊಳ್ಳಲು ಬಿಡುತ್ತಿದ್ದ. "ಇರ್ಲಿ, ಇನ್ನೊಮ್ಮೆ ನೋಡು." ಆ ಕಟ್ಟೆ ಈಗ ಆಲಮಟ್ಟಿ ಹಿನ್ನೀರಿನ ಅಡಿಯಲ್ಲಿದೆ. ನವನಗರದ ಸೆಕ್ಟರಿನ ಹೊಸ ಮನೆಗೆ ಕಟ್ಟೆ ಕಟ್ಟಿಸಲು ಜಾಗ ಸಾಲಲಿಲ್ಲ.

ಸೋತ ಮೇಲೆ ಕೈಕುಲುಕಿದೆವು. ಅದೂ ತಕ್ಷಣ ಬಿಡಲಿಲ್ಲ. "ಚಲೋ ಆಡಿದ್ರಿ ಕಾಕಾ" ಎಂದು ಉಳಿದ ತುಂಡನ್ನು ನನ್ನ ಮುಂದೆ ಹಿಡಿದ. ಗೋಡಂಬಿಯನ್ನೆಲ್ಲ ಮೊದಲೇ ಆರಿಸಿ ತಿಂದಿದ್ದ. ನನ್ನ ಪಾಲಿಗೆ ಬಂದದ್ದು ಬರೀ ಅಂಟು.